ಗಡ್ಡೆ ಕಣಗಿಲೆಗೆ ಹಾಕಿದ ನೀರು

ಈಚೆಗೆ ನರ್ಸರಿ ಕೆಲಸಕ್ಕೆ ಸೇರುವವರು ನನ್ನನ್ನು ಕಂಡರೆ ಮೊದಲು ಕೇಳುವುದು ಗೊಬ್ಬರದ ವಿಚಾರ. ಯಾವ ಗೊಬ್ಬರ, ಎಷ್ಟು ದಿನಕ್ಕೊಮ್ಮೆ, ಯಾವ ಔಷಧಿ ಹೊಡೆಯಬೇಕು, ಇಷ್ಟೇ. ನೀರಿನ ವಿಚಾರ ಒಬ್ಬರೂ ಎತ್ತುವುದಿಲ್ಲ. ನೀರು ಹಾಕಲು ಯಾರಿಗೆ ಬರುವುದಿಲ್ಲ ಎಂಬ ಧೈರ್ಯ ಅವರದು. ಚಾಮರಾಜನಗರದ ಒಂದು ಸರ್ಕಾರಿ ನರ್ಸರಿಯಲ್ಲಿ ಆಳಾಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತನಾದವನು ನಾನು. ನನ್ನ ಕೈಯಲ್ಲಿ ಸತ್ತ ಗಿಡಗಳಲ್ಲಿ ಮುಕ್ಕಾಲು ಪಾಲು ಸತ್ತದ್ದು ನೀರು ಕುಡಿದು. ಎಷ್ಟೋ ಗಿಡ ನನಗೆ ತಿಳಿಯದೆ ಸತ್ತವು. ಮೂವತ್ತು ಗಿಡ ಮಾತ್ರ ನನಗೆ ತಿಳಿದೇ ಸತ್ತವು. ಆ ಮೂವತ್ತರ ಸಂಗತಿ ಬರೆಯಬೇಕೆಂದೇ ಕೂತಿದ್ದೇನೆ, ಆದರೆ ನೇರ ಅಲ್ಲಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ, ಓದುವವರು ಸೈರಿಸಿಕೊಳ್ಳಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುವುದು ವಾಸಿ. ನಾನು ಹೊಟ್ಟೆಕಿಚ್ಚಿನ ಮನುಷ್ಯ. ನಮ್ಮೂರು ಉಡಿಗಾಲದಲ್ಲಿ ಪಕ್ಕದ ಹೊಲದವನ ಜೋಳ ನನ್ನದಕ್ಕಿಂತ ಒಂದು ಗೇಣು ಎತ್ತರ ಬೆಳೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ವಯಸ್ಸಾದ ಮೇಲೆ ಎಲ್ಲ ತಣ್ಣಗಾಗುತ್ತದೆ ಅನ್ನುತ್ತಾರೆ. ನನಗಂತೂ ಆಗಿಲ್ಲ.

ನಮ್ಮ ನರ್ಸರಿ ಇದ್ದದ್ದು ಸತ್ಯಮಂಗಲದ ರಸ್ತೆಯಲ್ಲಿ, ಊರು ದಾಟಿದ ಮೇಲೆ. ಇದ್ದದ್ದು ಒಂದೇ ಬಾವಿ, ಶಿವರಾತ್ರಿ ಕಳೆದರೆ ಅದರ ತಳ ಕಾಣುತ್ತಿತ್ತು. ಹಾಗಾಗಿ ನೀರು ಹೆಚ್ಚು ಕೇಳದ ಅಂದದ ಗಿಡಗಳನ್ನೇ ನಾವು ಬೆಳೆಸುತ್ತಿದ್ದೆವು. ಕಾಗದದ ಹೂ, ಕಣಗಿಲೆ, ದೇವಕಣಗಿಲೆ, ರತ್ನಗಂಧಿ, ಕಾಶಿಕಣಗಿಲೆ, ಬಗೆಬಗೆಯ ಕಳ್ಳಿ. ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಹೊಸದಾಗಿ ಮನೆ ಕಟ್ಟಿಸಿದವರು ಎಲ್ಲರೂ ಇವನ್ನೇ ಒಯ್ಯುತ್ತಿದ್ದರು. ಗುಲಾಬಿ ಬೇಕೆಂದು ಬಂದವರನ್ನು ನಾನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿ ನೋಡಿ ಅನ್ನುತ್ತಿದ್ದೆ. ನೋಡಿದ ಮೇಲೆ ಅವರೂ ಕಣಗಿಲೆ ಹಿಡಿದುಕೊಂಡು ಹೋಗುತ್ತಿದ್ದರು.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಒಂದು ಶಾಲೆಯ ಗೇಟಿನಲ್ಲಿ. ಅಲ್ಲಿ ನೆಟ್ಟ ಕಾಗದದ ಹೂವಿನ ಗಿಡಕ್ಕೆ ದಿನಾ ಎರಡು ಬಿಂದಿಗೆ ನೀರು ಹೊತ್ತು ಹಾಕಿದೆ. ಗಿಡ ಆಳೆತ್ತರ ದಾಟಿ, ಗೇಟಿನ ಕಮಾನು ಮುಚ್ಚಿ, ಹಸಿರೆಂದರೆ ಹಸಿರು. ಹೂ ಮಾತ್ರ ಒಂದೂ ಇಲ್ಲ. ಆಗ ನಮಗೆ ಮೇಸ್ತ್ರಿಯಾಗಿದ್ದ ಮುದುಕ ಬಂದು ನೋಡಿ ನನ್ನ ಕೈಯಿಂದ ಬಿಂದಿಗೆ ಕಿತ್ತುಕೊಂಡ. ಒಂದು ತಿಂಗಳು ಈ ಕಡೆ ತಲೆ ಹಾಕಬೇಡ ಅಂದ. ಎಲೆ ಉದುರಿತು, ನಾನು ಅವನಿಗೆ ಒಳಗೊಳಗೇ ಶಾಪ ಹಾಕಿದೆ. ತಿಂಗಳು ಕಳೆದು ಹೋಗಿ ನೋಡಿದರೆ ಕಮಾನು ಪೂರ್ತಿ ಕೆಂಪು. ಅದು ಬಾಯಾರಿದರೆ ಹೂ ಬಿಡುವ ಜಾತಿ. ಅವತ್ತು ಮುದುಕ ನನ್ನ ನಡುಬೆರಳು ಹಿಡಿದು ಎರಡು ಗೆಣ್ಣು ಮುಳುಗುವ ತನಕ ಮಣ್ಣಿಗೆ ಚುಚ್ಚಿಸಿದ. ಒಳಗೆ ತಣ್ಣಗೆ ಅಂಟಿದರೆ ನೀರು ಬೇಡ, ಒಣಗಿ ಉದುರಿದರೆ ಬೇಕು, ಇಷ್ಟೇ ವಿದ್ಯೆ. ಅಂದಿನಿಂದ ನಾನು ಬೆರಳು ನೋಡದೆ ಒಂದು ಚೊಂಬು ನೀರು ಹಾಕಿದವನಲ್ಲ. ನನ್ನ ಕೈಕೆಳಗೆ ಬಂದವರಿಗೂ ಮೊದಲ ದಿನ ಅದನ್ನೇ ಕಲಿಸಿದೆ. ಬೆರಳು ಮೇಸ್ತ್ರಿ ಎಂದು ಅವರು ನನ್ನ ಹಿಂದೆ ಆಡಿಕೊಳ್ಳುತ್ತಿದ್ದರಂತೆ, ಆಡಿಕೊಳ್ಳಲಿ.

ನಮ್ಮ ಕಡೆ ಕೈಗುಣ ಎಂಬುದನ್ನು ಜನ ಬಹಳ ನಂಬುತ್ತಾರೆ. ಹೊಸ ಮನೆಯ ಮುಂದೆ ಗಿಡ ಇಡುವಾಗ ಮೊದಲ ಗಿಡವನ್ನು ಕೈಗುಣ ಇರುವವರಿಂದ ಇಡಿಸುತ್ತಾರೆ. ಅವರು ಒಂದು ಇಟ್ಟು ಮಣ್ಣು ಮುಚ್ಚಿದರೆ ಸಾಕು, ಮಿಕ್ಕದ್ದನ್ನು ಯಾರು ಇಟ್ಟರೂ ಬರುತ್ತದೆ ಎಂಬ ನಂಬಿಕೆ. ಆ ಮೊದಲ ಗಿಡಕ್ಕೆ ಬಹಳ ವರ್ಷ ಕರೆಸಿಕೊಳ್ಳುತ್ತಿದ್ದದ್ದು ನನ್ನನ್ನು. ಉಮ್ಮತ್ತೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಕರೆದದ್ದುಂಟು. ಎಲೆ ಅಡಿಕೆ ಕೊಟ್ಟು, ಊಟ ಹಾಕಿ, ಹಿಂದಕ್ಕೆ ಬಿಟ್ಟು ಹೋಗುತ್ತಿದ್ದರು. ನನಗೆ ಬಡ್ತಿ ಸಿಕ್ಕಿದ ದಿನಕ್ಕಿಂತ ಆ ಎಲೆ ಅಡಿಕೆಯ ದಿನಗಳು ಚೆನ್ನಾಗಿ ನೆನಪಿವೆ.

ಅಂಥ ಹೊತ್ತಿಗೆ ಕೆಂಪಮ್ಮ ಬಂದಳು. ಪುಣಜನೂರಿನವಳು, ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಬೆಳಿಗ್ಗೆ ಅತ್ತೆಗೆ ಗಂಜಿ ಕಾಯಿಸಿಟ್ಟು ಬಸ್ಸು ಹತ್ತಿ ಬರುವಳು, ಸಾಯಂಕಾಲ ದೀಪ ಹಚ್ಚುವುದರೊಳಗೆ ವಾಪಸ್ಸು ಹೋಗಬೇಕು. ಮೊದಲೆಲ್ಲ ನಾವು ಎಣ್ಣೆ ಡಬ್ಬ, ಬಿದಿರು ಪುಟ್ಟಿಗಳಲ್ಲಿ ಸಸಿ ಮಾಡುತ್ತಿದ್ದೆವು. ಆಗತಾನೆ ಕರಿ ಪಾಲಿಥೀನ್ ಚೀಲ ಬಂದಿತ್ತು. ಚೀಲಕ್ಕೆ ಮಣ್ಣು ತುಂಬಲು ದಿನಗೂಲಿಗೆ ಅವಳನ್ನು ಇಟ್ಟುಕೊಂಡದ್ದು ನಾನೇ. ಬೆರಳು ಚುಚ್ಚಿಸಿ ಕಲಿಸಿದ್ದೂ ನಾನೇ. ಆರು ತಿಂಗಳಾಗುವಷ್ಟರಲ್ಲಿ ಅವಳಿಗೆ ಬೆರಳೂ ಬೇಡವಾಯಿತು. ಕುಂಡದ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಟಕ್ ಎಂದು ತಟ್ಟಿ, ದನಿ ಕೇಳಿ, ಇದಕ್ಕೆ ಬೇಕು, ಇದಕ್ಕೆ ಬೇಡ ಎಂದು ಸಾಲು ಸಾಲು ಮುಗಿಸಿಬಿಡುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಕದ್ದು ಬೆರಳಿಟ್ಟು ನೋಡುತ್ತಿದ್ದೆ. ಒಂದೂ ತಪ್ಪಿರುತ್ತಿರಲಿಲ್ಲ. ಒಂದಾದರೂ ತಪ್ಪಲಪ್ಪ ಎಂದು ದೇವರನ್ನು ಕೇಳಿಕೊಂಡದ್ದು ನಿಜ.

ನರ್ಸರಿಯ ಅಧಿಕಾರಿಯಾಗಿದ್ದ ನಮ್ಮ ಸಾಹೇಬರು ಓದಿದವರು, ಒಳ್ಳೆಯವರು, ಗಿಡ ಕಂಡರೆ ಪ್ರೀತಿ. ಆದರೆ ಅವರ ಜ್ಞಾನವೆಲ್ಲ ಪುಸ್ತಕದ್ದು, ಕೈ ಮಣ್ಣಾದದ್ದು ಕಡಿಮೆ. ಒಮ್ಮೆ ಅವರು ಬೇರು ಬರಿಸುವ ಬಿಳಿ ಪುಡಿ ತಂದರು. ಕಡ್ಡಿಯ ತುದಿಯನ್ನು ಪುಡಿಯಲ್ಲಿ ಅದ್ದಿ ನೆಟ್ಟರೆ ಎಲ್ಲದಕ್ಕೂ ಬೇರು ಬರುತ್ತದೆ ಅಂದರು. ದೇವಕಣಗಿಲೆಯ ಕಡ್ಡಿ ಅರ್ಧ ನನಗೆ, ಅರ್ಧ ಕೆಂಪಮ್ಮನಿಗೆ ಕೊಟ್ಟರು. ನಾನು ಉತ್ಸಾಹದಲ್ಲಿ ಕಡಿದ ತಕ್ಷಣ, ಹಾಲು ಸೋರುತ್ತಿದ್ದಂತೆಯೇ, ಪುಡಿ ಮೆತ್ತಿ ಮಣ್ಣಿಗೆ ಇಟ್ಟೆ. ಕೆಂಪಮ್ಮ ತನ್ನ ಪಾಲನ್ನು ಚಪ್ಪರದ ನೆರಳಿನಲ್ಲಿ ಸೌದೆ ಒಟ್ಟಿದ ಹಾಗೆ ಒಟ್ಟಿ ಸುಮ್ಮನಿದ್ದಳು. ಹತ್ತು ದಿನ ಮುಟ್ಟಲಿಲ್ಲ. ಸೋಮಾರಿ ಎಂದು ನಾನು ಸಾಹೇಬರ ಮುಂದೆ ಒಂದು ಮಾತು ಹಾಕಿದೆ. ಗಾಯ ಒಣಗಿದ ಮೇಲೆ ಪುಡಿಯನ್ನೂ ಮುಟ್ಟದೆ ಅವಳು ಬರೀ ಮರಳಿಗೆ ಇಟ್ಟಳು. ನನ್ನವು ಬುಡದಿಂದ ಕಪ್ಪಾಗಿ ಕೊಳೆತವು, ಅವಳವು ಚಿಗುರಿದವು. ಪುಡಿ ಹಳೆಯದು ಸರ್ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಮಾತೂ ಹಾಗೇ. ಸಾಹೇಬರು ನಕ್ಕು ಕೆಂಪಮ್ಮನನ್ನು ಕೇಳಿದರು, ಇದು ಯಾರು ಹೇಳಿಕೊಟ್ಟದ್ದು ಎಂದು.

“ಯಾರೂ ಇಲ್ಲ ಸಾ. ಕಾಡಲ್ಲಿ ಆನೆ ಮುರ್ದಾಕಿದ್ ಕೊಂಬೆ ಬಿದ್ದಿರ್ತದೆ. ಒಣಗ್ದಂಗ್ ಇದ್ದು ಆಮ್ಯಾಕ ಚಿಗುರ್ತದೆ. ಅದ್ನ ಕಂಡಿದ್ದಿ, ಅಷ್ಟೆಯ.”

ಆನೆಯ ಹತ್ತಿರ ಕಲಿತವಳ ಮುಂದೆ ಮುದುಕನ ಹತ್ತಿರ ಕಲಿತ ನಾನು ಸೋತೆ. ಅಂದಿನಿಂದ ನನ್ನ ಹೊಟ್ಟೆಯೊಳಗೆ ಒಂದು ಕೆಂಡ ಆರದೆ ಉಳಿಯಿತು.

ಆಮೇಲೆ ನನ್ನನ್ನು ಎರಡು ವರ್ಷ ಗುಂಡ್ಲುಪೇಟೆಯ ಸಣ್ಣ ನರ್ಸರಿಗೆ ಹಾಕಿದರು. ಊಟಿಗೂ ವಯನಾಡಿಗೂ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತಿದ್ದವು. ಕೇರಳದವರಿಗೆ ನಮ್ಮ ಕಾಗದದ ಹೂ ಎಂದರೆ ಆಸೆ. ಅವರ ಮಳೆಯಲ್ಲಿ ಅದು ಎಲೆಯೇ ಬಿಡುವುದು ಹೆಚ್ಚು ಎಂದು ಅವರಿಗೆ ಹೇಳಿದರೆ ವ್ಯಾಪಾರ ಹೋಗುತ್ತದೆ. ಹೇಳದಿದ್ದರೆ ವರ್ಷ ಬಿಟ್ಟು ಬಂದು ಜಗಳ ಆಡುತ್ತಾರೆ. ನಾನು ಹೇಳಿಬಿಡುತ್ತಿದ್ದೆ, ಸೂರಿನ ಕೆಳಗೆ ಇಟ್ಟು ಉಪವಾಸ ಕೆಡವಿ ಎಂದು ಅರ್ಧ ಮಲಯಾಳದಲ್ಲಿ, ಅರ್ಧ ಕೈಸನ್ನೆಯಲ್ಲಿ. ಅಲ್ಲಿ ನಾನು ಸುಖವಾಗಿದ್ದೆ. ಸುತ್ತಮುತ್ತ ನನಗಿಂತ ತಿಳಿದವರು ಯಾರೂ ಇರಲಿಲ್ಲ, ಸುಖಕ್ಕೆ ಅದೇ ಕಾರಣ ಎಂದು ಆಮೇಲೆ ಗೊತ್ತಾಯಿತು.

ಚಾಮರಾಜನಗರಕ್ಕೆ ಹಿಂತಿರುಗಿದಾಗ ನರ್ಸರಿಯ ಗೇಟಿನಲ್ಲಿ ಉಮ್ಮತ್ತೂರಿನ ಒಬ್ಬರು ನಿಂತಿದ್ದರು. ನನ್ನನ್ನು ಕರೆಯಲು ಬಂದಿದ್ದಾರೆಂದು ಮುಖ ಅಗಲ ಮಾಡಿಕೊಂಡು ಹತ್ತಿರ ಹೋದೆ. ಅವರು ಕೆಂಪಮ್ಮ ಎಲ್ಲಿ ಎಂದು ಕೇಳಿದರು, ಮಗನ ಮನೆಗೆ ಮೊದಲ ಗಿಡ ಇಡಿಸಬೇಕು ಎಂದರು. ನಾನು ಒಳಗಿದ್ದಾಳೆ ಎಂದು ಕೈ ತೋರಿಸಿದೆ. ಆ ಕೈ ನನ್ನದೆಂದು ನನಗೇ ಅನ್ನಿಸಲಿಲ್ಲ.

ಒಳಗೆ ಇನ್ನೂ ದೊಡ್ಡ ಉರಿ ಕಾದಿತ್ತು. ನಾನಿಲ್ಲದಾಗ ಸಾಹೇಬರು ಎಲ್ಲಿಂದಲೋ ಅಡೇನಿಯಂ ಬೀಜ ತರಿಸಿ ಕೆಂಪಮ್ಮನ ಕೈಗೆ ಕೊಟ್ಟಿದ್ದರು. ಮರಳುಗಾಡಿನ ಗಿಡ ಅದು. ನಮ್ಮ ಕಡೆ ಆಗ ಅಪರೂಪ, ನಾನು ಕಣ್ಣಿಂದ ಕಂಡಿರಲಿಲ್ಲ. ಕಾಂಡದ ಬುಡ ಗಡ್ಡೆ ಗೆಣಸಿನ ಹಾಗೆ ಊದಿಕೊಂಡು ಅದರಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮೇಲೆ ಕಣಗಿಲೆಯಂಥದೇ ಗುಲಾಬಿ ಬಣ್ಣದ ಹೂ. ಕೆಂಪಮ್ಮ ಅದಕ್ಕೆ ಗಡ್ಡೆ ಕಣಗಿಲೆ ಎಂದು ಹೆಸರಿಟ್ಟಿದ್ದಳು, ಸಾಹೇಬರೂ ಹಾಗೇ ಕರೆಯುತ್ತಿದ್ದರು. ಮೂವತ್ತು ಕುಂಡ, ಮೂವತ್ತೂ ಬದುಕಿದ್ದವು. ಅವಳು ಒಂದನ್ನು ಎತ್ತಿ ನನಗೆ ತೋರಿಸಿ, ಮಗು ತೊಡೆ ಇದ್ದಂಗದೆ ಅಲ್ವಾ ಅಣ್ಣ ಎಂದು ಗಡ್ಡೆ ಸವರಿದಳು. ಚೆನ್ನಾಗಿದೆ ಎಂದೆ. ಆ ಒಂದು ಪದ ಹೇಳಲು ಬಹಳ ಕಷ್ಟವಾಯಿತು.

ಚಾಮರಾಜನಗರ ಜಿಲ್ಲೆಯಾದದ್ದು ಅದೇ ಸುಮಾರಿಗೆ. ಹೊಸ ಹೊಸ ಕಚೇರಿಗಳು ಬಂದವು, ಎಲ್ಲ ಕಚೇರಿಗೂ ಮುಂದೆ ತೋಟ ಬೇಕು, ಯಾವ ಕಚೇರಿಗೂ ನೀರಿಲ್ಲ. ಅಂಥದೊಂದು ಕಚೇರಿಯ ಮುಂಭಾಗವನ್ನು ನಮ್ಮ ನರ್ಸರಿಗೆ ವಹಿಸಿದರು. ಅಂಗಳಕ್ಕೆ ನಾನು ಕಣಗಿಲೆಯೂ ಕಳ್ಳಿಯೂ ಹಾಕಬೇಕು, ಮೆಟ್ಟಿಲ ಎರಡೂ ಬದಿ ಕೆಂಪಮ್ಮನ ಮೂವತ್ತು ಕುಂಡ ಇಡಬೇಕು ಎಂದು ಸಾಹೇಬರು ನಿಶ್ಚಯ ಮಾಡಿದರು. ದೊಡ್ಡ ಅಧಿಕಾರಿಗಳು ಬಂದು ನೋಡುವವರಿದ್ದರು. ಅವರು ಮೆಚ್ಚಿದರೆ ಆ ತೋಟಕ್ಕೆ ಒಬ್ಬರು ಕಾಯಂ ಮಾಲಿ ಬೇಕೆಂದು ಬರೆದು, ಕೆಂಪಮ್ಮನ ಹೆಸರು ಕಳಿಸುತ್ತೇನೆ ಎಂದು ಸಾಹೇಬರು ಎಲ್ಲರ ಎದುರು ಹೇಳಿದರು. ಮೆಚ್ಚದಿದ್ದರೆ ಇಲ್ಲಿ ಆಳು ಹೆಚ್ಚಾಗಿದೆ, ದಿನಗೂಲಿಯವರನ್ನು ಗುಂಡ್ಲುಪೇಟೆಗೆ ಕಳಿಸಬೇಕಾಗುತ್ತದೆ ಎಂದೂ ಹೇಳಿದರು. ಪುಣಜನೂರಿನಿಂದ ಗುಂಡ್ಲುಪೇಟೆಗೆ ಎರಡು ಬಸ್ಸು. ಕಣ್ಣು ಕಾಣದ ಅತ್ತೆಯನ್ನು ಬಿಟ್ಟು ದಿನಾ ಹೋಗಿಬರಲು ಆಗುವ ಮಾತಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಕೆಲಸ ಕಾಯಂ ಆಗಿ ಎಷ್ಟೋ ವರ್ಷವಾಗಿತ್ತು. ಅವಳಿಗೆ ಸಿಕ್ಕರೆ ನನಗೆ ಹೋಗುವುದು ಏನೂ ಇರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆಗ ನಾನು ನೆನಪಿಟ್ಟುಕೊಳ್ಳಲಿಲ್ಲ.

ಆ ದಿನಗಳಲ್ಲೇ ಉಡಿಗಾಲದಲ್ಲಿ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿದ್ದೆವು. ಬಾಗಿಲ ಮುಂದೆ ಕಾಗದದ ಹೂ ಇಡಬೇಕು. ನಾನು ಗುಣಿ ತೆಗೆದು, ಕೆಮ್ಮಣ್ಣು ಮರಳು ಬೆರೆಸಿ, ಒಳ್ಳೆಯ ದಿನ ನೋಡಿ ಕೂತಿದ್ದೆ. ಆ ದಿನ ಬೆಳಿಗ್ಗೆ ಕೆಂಪಮ್ಮ ಬಸ್ಸಿಳಿದು ನಮ್ಮ ಅಂಗಳಕ್ಕೆ ಬಂದಳು, ಒಗೆದ ಸೀರೆ ಉಟ್ಟಿದ್ದಳು. ಕರೆಸಿದ್ದವಳು ನನ್ನ ಹೆಂಡತಿ ರತ್ನಮ್ಮ. ನಾನು ರತ್ನಮ್ಮನನ್ನು ಹಿತ್ತಿಲಿಗೆ ಕರೆದು, ಇದೇನು ಮಾಡಿದೆ ಎಂದು ಕೇಳಿದೆ. ಅವಳು ಏನೂ ಆಗಿಲ್ಲವೆಂಬಂತೆ ಹೇಳಿದಳು.

“ನಿಮ್ ಕೈಗುಣ ಈಚೀಚ್ಗ ಯಾಕೋ ಬತ್ತಿಲ್ಲ ಕಣ್ರೀ. ಊರೋರೆಲ್ಲ ಅವ್ಳ ಕೈಲೇ ಇಡ್ಸ್ತಾವ್ರೆ. ಮನ್ಗ ಒಳ್ಳೇದಾಗ್ಲಿ ಅಂತ ಕರ್ದಿ.”

ಮೂವತ್ತು ಊರಿಗೆ ಮೊದಲ ಗಿಡ ಇಟ್ಟವನು ನನ್ನ ಮನೆಯ ಗುಣಿಯ ಪಕ್ಕ ಚೊಂಬು ಹಿಡಿದು ನಿಂತೆ. ಕೆಂಪಮ್ಮನಿಗೆ ಸಂಕೋಚವಾಯಿತು. ನೀವೇ ಇಡಿ ಅಣ್ಣ ಎಂದು ಗಿಡವನ್ನು ನನ್ನ ಕಡೆ ನೀಡಿದಳು. ಇಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕರೆಸಿರುವುದು ನಿನ್ನನ್ನು, ನೀನೇ ಇಡು ಎಂದೆ. ಅವಳು ಇಟ್ಟಳು, ಮಣ್ಣು ಮುಚ್ಚಿದಳು, ರತ್ನಮ್ಮ ಎಲೆ ಅಡಿಕೆ ಕೊಟ್ಟಳು. ನನ್ನ ಮನೆಯ ಎಲೆ ಅಡಿಕೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಕಚೇರಿಯ ಮುಂದೆ ಕುಂಡ ಜೋಡಿಸಿದೆವು. ಹಿಂಗಾರು ಮಳೆ ಆಗಾಗ ಹನಿಯುತ್ತಿತ್ತು, ಚಳಿ ಶುರುವಾಗಿತ್ತು. ಈ ಗಿಡ ಬಿಸಿಲಲ್ಲಿ ಎಷ್ಟು ಗಟ್ಟಿಯೋ ಚಳಿ ಮತ್ತು ತೇವ ಎರಡೂ ಸೇರಿದರೆ ಅಷ್ಟೇ ಮೆದು. ಕೆಂಪಮ್ಮ ಅವನ್ನು ಮಳೆ ಬೀಳದ ಹಾಗೆ ಸಜ್ಜೆಯ ಕೆಳಗೆ ಒತ್ತರಿಸಿ ಇಟ್ಟು, ಮೂರು ವಾರದಿಂದ ಹನಿ ನೀರು ಕೊಟ್ಟಿರಲಿಲ್ಲ. ನೆಲ ಕೊಳೆಯಾಗಬಾರದೆಂದು ಕಚೇರಿಯವರು ಪ್ರತಿ ಕುಂಡದ ಕೆಳಗೆ ಒಂದೊಂದು ಮಣ್ಣಿನ ತಟ್ಟೆ ಇಡಿಸಿದ್ದರು. ಅಷ್ಟರಲ್ಲಿ ಉಮ್ಮತ್ತೂರಿನಲ್ಲಿ ಅವಳ ಅಣ್ಣನ ಮಗಳ ಮದುವೆ ಬಂತು, ನಾಲ್ಕು ದಿನ ರಜೆ. ಹೊರಡುವ ಮೊದಲು ನನ್ನ ಹತ್ತಿರ ಬಂದಳು.

“ಗಡ್ಡೆ ಕಣಗ್ಲೆ ನಿಮ್ ಮಡ್ಲಿಗ್ ಆಕಿವ್ನಿ ಅಣ್ಣ. ನೀರ್ ಒಂದ್ ಮುಟ್ಟುಸ್ಬ್ಯಾಡಿ, ಸಾಕು.”

ಆಗಲಿ ಹೋಗಿ ಬಾ ಎಂದೆ. ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ, ಎಲ್ಲರೂ ಓಡಾಡುವ ಹೊತ್ತಿನಲ್ಲಿ, ನೀರಿನ ಡಬ್ಬ ಹಿಡಿದು ಮೆಟ್ಟಿಲ ಹತ್ತಿರ ಹೋದೆ. ಮುಚ್ಚಿಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ. ವಿಷ ಹಾಕಿದರೆ ಕಳ್ಳ, ಬೇರು ಕತ್ತರಿಸಿದರೆ ಕಟುಕ, ನೀರು ಹಾಕಿದವನನ್ನು ಯಾರು ಏನೆಂದಾರು? ಮೊದಲ ಕುಂಡಕ್ಕೆ ಹಾಕಿದೆ. ತಟ್ಟೆ ತುಂಬುವವರೆಗೂ ಹಾಕಿದೆ. ಹೀಗೆ ಮೂವತ್ತಕ್ಕೂ. ಎರಡನೇ ದಿನವೂ ಹೋದೆ, ಮೂರನೇ ದಿನವೂ, ನಾಲ್ಕನೇ ದಿನವೂ. ಬಾಗಿಲಲ್ಲಿದ್ದ ವಾಚ್‌ಮನ್ ನೋಡಿ ಮೆಚ್ಚಿಕೊಂಡ, ಆಳಿನ ಗಿಡವನ್ನೂ ಮೇಸ್ತ್ರಿ ತನ್ನ ಗಿಡದ ಹಾಗೆ ನೋಡಿಕೊಳ್ಳುತ್ತಾರೆ ಎಂದು ಹೋದವರಿಗೆ ಬಂದವರಿಗೆ ಹೇಳಿದ. ನಾಲ್ಕು ದಿನವೂ ಹೊಟ್ಟೆಯ ಕೆಂಡ ತಣ್ಣಗಿತ್ತು. ಬಹಳ ದಿನಗಳ ಮೇಲೆ ಹಸಿವಾಗಿ ಉಂಡೆ.

ಕೆಂಪಮ್ಮ ಬಂದಾಗ ಮೇಲೆ ಏನೂ ಕಾಣುತ್ತಿರಲಿಲ್ಲ, ತಟ್ಟೆಯ ನೀರನ್ನು ನಾನು ಚೆಲ್ಲಿ ಒರೆಸಿದ್ದೆ. ಆದರೆ ಕುಂಡ ತಟ್ಟಿ ನೋಡಿದ ಅವಳ ಮುಖ ಇಳಿಯಿತು. ಮೂವತ್ತನ್ನೂ ಬಿಸಿಲಿಗೆ ಹೊತ್ತಳು, ಮೇಲಿನ ಮಣ್ಣು ಕೆದಕಿ ಗಾಳಿ ಆಡಿಸಿದಳು. ಬಿಸಿಲು ಬರಲಿಲ್ಲ, ಮೋಡ ಕವಿದೇ ಇತ್ತು. ವಾರ ಕಳೆಯುವುದರಲ್ಲಿ ಎಲೆ ಹಳದಿಯಾಗಿ ಉದುರಿದವು. ಅಧಿಕಾರಿಗಳು ಬರುವುದಕ್ಕೆ ಎರಡು ದಿನ ಇರುವಾಗ ಸಾಹೇಬರು ಬಂದು ನೋಡಿ, ಒಂದು ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಕ್ಕೆ ಇಳಿಯಿತು. ಕೊಳೆತ ಆಲೂಗಡ್ಡೆಯ ವಾಸನೆ ಬಂತು.

ಸಾಹೇಬರು ಏನಾಯಿತು ಎಂದು ವಿಚಾರಿಸಿದರು. ವಾಚ್‌ಮನ್ ಕೇಳುವ ಮೊದಲೇ ಸಾಕ್ಷಿ ಹೇಳಿದ, ಮೇಸ್ತ್ರಿ ದಿನಾ ತಪ್ಪದೆ ನೀರು ಹಾಕಿದ್ದಾರೆ, ಒಂದು ದಿನವೂ ಬಿಟ್ಟಿಲ್ಲ ಎಂದು. ಹಾಗಾದರೆ ಗಿಡ ಯಾಕೆ ಹೋಯಿತು ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಆ ನರ್ಸರಿಯಲ್ಲಿ ನೀರಿನ ವಿಷಯಕ್ಕೆ ನನ್ನ ಮಾತೇ ಕೊನೆ. ಕೆಂಪಮ್ಮ ಮೂರು ಮಾರು ದೂರದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು, ನನ್ನ ಬಾಯನ್ನೇ ನೋಡುತ್ತಿದ್ದಳು.

“ಮಣ್ಣಿನ ಮಿಶ್ರಣದಲ್ಲಿ ಮರಳು ಕಮ್ಮಿ ಹಾಕಿದ್ದಾಳೆ ಸರ್,” ಎಂದೆ. “ನೀರು ಬಸಿದಿಲ್ಲ.”

ಸಾಹೇಬರು ತಲೆಯಾಡಿಸಿದರು. ಕೆಂಪಮ್ಮ ಇಲ್ಲ ಅನ್ನಬಹುದಾಗಿತ್ತು. ಮಣ್ಣು ಸುರಿದು ತೋರಿಸಿದ್ದರೆ ಅದರಲ್ಲಿ ಅರ್ಧಕ್ಕರ್ಧ ಮರಳು ಕಾಣುತ್ತಿತ್ತು. ಅವಳು ಬಗ್ಗಿ ಉದುರಿದ ಎಲೆ ಆರಿಸತೊಡಗಿದಳು. ಮೆಟ್ಟಿಲ ಬದಿಗೆ ನನ್ನ ಕಳ್ಳಿ ಕುಂಡಗಳನ್ನು ಜೋಡಿಸಿದರು. ದೊಡ್ಡವರು ಬಂದು ಐದು ನಿಮಿಷ ನಿಂತು, ಚೆನ್ನಾಗಿದೆ ಎಂದು ಹೇಳಿ ಹೋದರು. ಅವರು ಕಣ್ಣೆತ್ತಿ ನೋಡಿದರೋ ಇಲ್ಲವೋ, ನಾನಂತೂ ಕಾಣೆ.

ಸಾಹೇಬರು ಮಾಲಿ ಕೆಲಸಕ್ಕೆ ಕೆಂಪಮ್ಮನ ಹೆಸರು ಕಳಿಸದೆ ಅವಳನ್ನು ಗುಂಡ್ಲುಪೇಟೆಗೆ ಹಾಕಿದರು. ಹೋಗುವ ದಿನ ಅವಳು ಒಂದು ಗೋಣಿಚೀಲ ತಂದಿದ್ದಳು. ಆ ಸತ್ತ ಗಿಡಗಳನ್ನು ಹೇಗೂ ತಿಪ್ಪೆಗೆ ಸುರಿಯುವುದು ತಾನೆ, ನಾನು ಒಯ್ಯಲೇ ಎಂದು ಸಾಹೇಬರನ್ನು ಕೇಳಿದಳು. ಅವರು ಬೇಸರದಲ್ಲಿ ಒಯ್ಯಿ ಎಂದರು. ಮೂವತ್ತನ್ನೂ ಕುಂಡದಿಂದ ಕಿತ್ತು ಚೀಲಕ್ಕೆ ಹಾಕಿಕೊಂಡು ಹೊತ್ತು ಬಸ್ಸಿಗೆ ಹೋದಳು. ಗುಂಡ್ಲುಪೇಟೆಗೆ ಒಂದು ತಿಂಗಳು ಹೋಗಿಬಂದಳಂತೆ. ಒಂದು ಸಾಯಂಕಾಲ ಬಸ್ಸು ತಪ್ಪಿ ತಡವಾದಾಗ ಅತ್ತೆ ಒಲೆಯ ಹತ್ತಿರ ತಡಕಾಡಿ ಕೈ ಸುಟ್ಟುಕೊಂಡರಂತೆ. ಮಾರನೆಯ ದಿನದಿಂದ ಕೆಂಪಮ್ಮ ಕೆಲಸ ಬಿಟ್ಟಳು. ಈ ಸುದ್ದಿ ನನಗೆ ಹೇಳಿದವನು ವಾಚ್‌ಮನ್, ಯಾವ ಮರುಕವೂ ಇಲ್ಲದೆ, ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದ.

ಆಮೇಲೆ ಜನ ಮತ್ತೆ ನನ್ನನ್ನೇ ಮೊದಲ ಗಿಡಕ್ಕೆ ಕರೆಯತೊಡಗಿದರು. ಹೋಗುತ್ತಿದ್ದೆ, ಎಲೆ ಅಡಿಕೆ ತೆಗೆದುಕೊಳ್ಳುತ್ತಿದ್ದೆ. ಊಟಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ನಮ್ಮ ಮನೆಯ ಮುಂದೆ ಅವಳು ಇಟ್ಟ ಕಾಗದದ ಹೂ ಮಾಳಿಗೆಯವರೆಗೂ ಹಬ್ಬಿತು. ಅದನ್ನು ಕಡಿದುಹಾಕಬೇಕೆಂದು ಎರಡು ಸಲ ಕತ್ತಿ ಹಿಡಿದೆ, ಎರಡು ಸಲವೂ ರತ್ನಮ್ಮ ಅಡ್ಡ ಬಂದಳು. ಕೆಲಸದ ರೀತಿಯೂ ಬದಲಾಯಿತು. ತೆಂಗಿನ ಗರಿಯ ಚಪ್ಪರ ಹೋಗಿ ಹಸಿರು ಬಲೆ ಬಂತು, ಹನಿ ನೀರಿನ ಪೈಪು ಬಂತು. ಈಗ ನಲ್ಲಿ ತಿರುಗಿಸಿದರೆ ಎಲ್ಲ ಚೀಲಕ್ಕೂ ಒಂದೇ ಅಳತೆ ಬೀಳುತ್ತದೆ. ಪೈಪು ಬೆರಳು ನೋಡುವುದಿಲ್ಲ ಎಂದು ನಾನು ಮೊದಮೊದಲು ಗೊಣಗಿದೆ. ಆದರೆ ಪೈಪಿಗೆ ಹೊಟ್ಟೆಕಿಚ್ಚೂ ಇಲ್ಲ, ಅಷ್ಟು ಒಳ್ಳೆಯ ಗುಣ ಅದಕ್ಕಿದೆ. ಹೊಸಬರು ಪೈಪನ್ನೇ ನಂಬಿಕೊಂಡರೆ ನನ್ನ ತಕರಾರಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಪುಣಜನೂರಿಗೆ ಹೋದೆ. ಸುಮ್ಮನೆ ಆ ಕಡೆ ಬಂದಿದ್ದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಟಿಕೆಟ್ ತೆಗೆದುಕೊಂಡದ್ದು ಪುಣಜನೂರಿಗೇ. ಮನೆ ಯಾರನ್ನೂ ಕೇಳಬೇಕಾಗಲಿಲ್ಲ. ರಸ್ತೆಯಿಂದಲೇ ಅಂಗಳದ ತುಂಬ ಗುಲಾಬಿ ಬಣ್ಣ ಕಾಣುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಗಡ್ಡೆ ಕಣಗಿಲೆ, ಎದೆಯೆತ್ತರ ಬೆಳೆದಿವೆ, ಮೈತುಂಬ ಹೂ. ಆದರೆ ಒಂದಕ್ಕೂ ಗಡ್ಡೆಯಿಲ್ಲ. ಬುಡ ಮಾಮೂಲಿ ಕಡ್ಡಿಯ ಹಾಗೆ ನೆಟ್ಟಗೆ ನೆಲಕ್ಕೆ ಇಳಿದಿದೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಬೀಜದಿಂದ ಹುಟ್ಟಿದ ಗಡ್ಡೆ ಕಣಗಿಲೆಗೆ ಬುಡ ಊದಿ ಗಡ್ಡೆಯಾಗುತ್ತದೆ. ಕೊಂಬೆ ಕಡಿದು ಬೇರು ಬರಿಸಿದ ಗಿಡಕ್ಕೆ ಹೂ ಬರುತ್ತದೆ, ಆ ದುಂಡು ಗಡ್ಡೆ ಬರುವುದಿಲ್ಲ. ನನಗೆ ಯಾರೂ ಹೇಳಬೇಕಾಗಲಿಲ್ಲ. ಕೊಳೆತ ಬುಡ ಕತ್ತರಿಸಿ ಎಸೆದು, ಮೇಲೆ ಉಳಿದ ತುಂಡನ್ನು ನೆರಳಿನಲ್ಲಿ ಒಣಗಿಸಿ, ಅದೇ ಗೋಣಿಚೀಲದ ಗಿಡಗಳನ್ನು ಅವಳು ಬದುಕಿಸಿಕೊಂಡಿದ್ದಳು. ಎಣಿಸಿದೆ. ಇಪ್ಪತ್ತಾರು ಇದ್ದವು.

ಕೆಂಪಮ್ಮ ಒಳಗಿನಿಂದ ಬಂದಳು, ತಲೆ ಬೆಳ್ಳಗಾಗಿತ್ತು. ಜಗುಲಿಗೆ ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು, ರತ್ನಮ್ಮನ ಆರೋಗ್ಯ ಕೇಳಿದಳು. ಅತ್ತೆ ತೀರಿಕೊಂಡು ವರ್ಷಗಳಾಗಿತ್ತು. ಸತ್ಯಮಂಗಲದ ಕಡೆಗೆ ಹೋಗುವವರು ಕಾರು ನಿಲ್ಲಿಸಿ ಗಿಡ ಕೇಳುತ್ತಾರೆ, ಕಡ್ಡಿ ಮಾಡಿ ಕೊಡುತ್ತೇನೆ ಎಂದಳು. ಮೂವತ್ತರಲ್ಲಿ ಇಪ್ಪತ್ತಾರು ಬದುಕಿಸಿದವಳನ್ನು ನೋಡಿ ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ನನ್ನಿಂದ ಹತ್ತೂ ಬದುಕುತ್ತಿರಲಿಲ್ಲ ಎಂಬ ಉರಿ ಬಂತು. ಮಜ್ಜಿಗೆಯ ಲೋಟ ಕೆಳಗಿಟ್ಟೆ. ಅವಳು ಅಂಗಳದ ಕಡೆ ನೋಡುತ್ತ ಕೇಳಿದಳು.

“ಅಣ್ಣ, ಒಂದ್ ಮಾತ್ ಕೇಳ್ತಿನಿ, ಬ್ಯಾಸ್ರ ಮಾಡ್ಕಬ್ಯಾಡಿ. ಅವತ್ತು ನಾ ಮದ್ವ ಮುಗುಸ್ಕ ಬರಗಂಟ ನೀರ್ ಆಕುದ್ರಲ್ಲ. ಬೆರಳ್ ನೋಡಿ ಆಕುದ್ರಾ?”

ಅವಳು ನನಗೆ ಒಂದು ದಾರಿ ಬಿಟ್ಟಿದ್ದಳು. ನೋಡಲಿಲ್ಲ, ಗಡಿಬಿಡಿಯಲ್ಲಿ ಮರೆತೆ ಎಂದರೆ ಅದು ಬರೀ ತಪ್ಪಾಗುತ್ತಿತ್ತು. ತಪ್ಪು ಯಾರು ಮಾಡುವುದಿಲ್ಲ? ಹಾಗೇ ಹೇಳಿ ಬಸ್ಸು ಹತ್ತಬೇಕೆಂದು ಬಾಯಿ ತೆರೆದೆ. ಆದರೆ ಬೆರಳು ನೋಡದೆ ನೀರು ಹಾಕಿದವನು ಎಂದು ಅವಳ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಅದೂ ಹೊಟ್ಟೆಕಿಚ್ಚೇ ಇರಬೇಕು.

“ನೋಡ್ದಿ ಕಣಮ್ಮಿ,” ಎಂದೆ. “ನಾಕ್ ದಿನ್ವೂ ನೋಡ್ದಿ. ಎರಡ್ನೇ ದಿನ್ದಿಂದ ಒದ್ದೆ ಇತ್ತು.”

ಅವಳು ನನ್ನ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ, ಗೊತ್ತಿತ್ತು, ನಿಮ್ಮ ಕೈ ನೀರಿನಲ್ಲಿ ತಪ್ಪುವುದಿಲ್ಲ ಅಲ್ಲವೇ ಎಂದಳು. ಬೈಯಲಿಲ್ಲ. ಎದ್ದು ಕತ್ತಿ ತಂದು ಒಂದು ಒಳ್ಳೆಯ ಕೊಂಬೆ ಕಡಿದು, ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಆಮೇಲೆ ಮರಳಿಗೆ ಇಡಿ, ನೀರಿಗೆ ಅವಸರ ಮಾಡಬೇಡಿ ಎಂದು ಮೊದಲ ದಿನದ ಆಳಿಗೆ ಹೇಳುವಂತೆ ಹೇಳಿದಳು. ನಾನು ಹೂಂ ಅಂದೆ. ಬಸ್ಸಿನಲ್ಲಿ ಕೊಂಬೆಯ ಹಾಲು ಸೋರಿ ನನ್ನ ಪಂಚೆಗೆ ಕಲೆಯಾಯಿತು.

ಆ ಗಿಡ ಈಗ ನಮ್ಮ ಜಗುಲಿಯ ಪಕ್ಕ ಇದೆ. ಗಡ್ಡೆ ಇಲ್ಲ, ಹೂವಿಗೆ ಕಮ್ಮಿಯಿಲ್ಲ. ನೋಡಿದವರು ಮೇಸ್ತ್ರಿಗಳ ಕೈಗುಣ ಎನ್ನುತ್ತಾರೆ. ನಾನು ಪುಣಜನೂರಿನ ಕೆಂಪಮ್ಮನದು ಎನ್ನುತ್ತೇನೆ, ಹಾಗೆನ್ನುವಾಗ ಇವತ್ತಿಗೂ ಹೊಟ್ಟೆಯಲ್ಲಿ ಚುರುಕ್ ಎನ್ನುತ್ತದೆ. ದಿನಾ ಬೆಳಿಗ್ಗೆ ಚೊಂಬು ಹಿಡಿದು ಅದರ ಹತ್ತಿರ ಕೂರುತ್ತೇನೆ. ಎರಡು ಗೆಣ್ಣು ಮುಳುಗುವ ತನಕ ಬೆರಳಿಡುತ್ತೇನೆ. ಒದ್ದೆ ಇದ್ದರೆ ಚೊಂಬಿನ ನೀರನ್ನು ನಾನೇ ಕುಡಿದು ಒಳಗೆ ಬರುತ್ತೇನೆ.